ಕೊಠಡಿಯನ್ನು ಒಂದು ಸುತ್ತು ತೋರಿಸಿ

೧

ಮೊದಲು ಹಾಜರಾತಿ. ಓದುಗರು ದಯವಿಟ್ಟು ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತುಕೊಳ್ಳಿ. ಬೆನ್ನ ಹಿಂದೆ ಖಾಲಿ ಗೋಡೆ ಇರಲಿ, ದೇವರ ಕ್ಯಾಲೆಂಡರ್ ಇದ್ದರೆ ಸದ್ಯಕ್ಕೆ ತೆಗೆದಿಡಿ. ಕಥೆ ಮುಗಿಯುವ ತನಕ ಎದ್ದು ಹೋಗುವಂತಿಲ್ಲ, ಏನನ್ನೂ ತಿನ್ನುವಂತಿಲ್ಲ, ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳುವಂತಿಲ್ಲ.

ಕಥೆಯೊಂದನ್ನು ಹೀಗೆ ಶುರು ಮಾಡಬಹುದೇ? ಮೂರು ವಾರದಿಂದ ನನಗೆ ಇದೇ ಯೋಚನೆ. ಇದಕ್ಕೆ ಮುಂಚೆ ಬರೆದ ಆರಂಭದಲ್ಲಿ ನಂದಿಬೆಟ್ಟದ ಹಿಂದಿನಿಂದ ಸೂರ್ಯ ಮೇಲೇಳುತ್ತಿದ್ದ. ಹೊಡೆದು ಹಾಕಿದೆ. ಈ ಜಿಲ್ಲೆಯಲ್ಲಿ ಬರೆಯುವವರೆಲ್ಲ ಸೂರ್ಯನನ್ನು ಅಲ್ಲಿಂದಲೇ ಎಬ್ಬಿಸುತ್ತಾರೆ, ಅವನಿಗೂ ಸಾಕಾಗಿರಬೇಕು.

ಅದಕ್ಕೂ ಮೊದಲಿನ ಡ್ರಾಫ್ಟಿನಲ್ಲಿ ಚಿಂತಾಮಣಿಯ ಚಿರಂಜೀವಿ ಎಂಬ ವಿದ್ಯಾರ್ಥಿ ನಾಯಕನಾಗಿದ್ದ. ಮುರುಗಮಲ್ಲದ ದರ್ಗಾದ ಹತ್ತಿರ ಅವನದೊಂದು ಚಪ್ಪಲಿ ಅಂಗಡಿ. ಆನ್‌ಲೈನ್ ತರಗತಿ ನಡೆಯುವ ಹೊತ್ತಿಗೇ ಅಲ್ಲಿ ಬಸ್ಸುಗಳು ಬಂದು ನಿಲ್ಲುತ್ತವೆ, ವ್ಯಾಪಾರದ ಸಮಯ. ಚಿರಂಜೀವಿ ತನ್ನ ಫೋಟೋವನ್ನು ದೊಡ್ಡದು ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಫೋನಿನ ಕ್ಯಾಮೆರಾದ ಮುಂದೆ ನಿಲ್ಲಿಸಿ ಚಪ್ಪಲಿ ಮಾರಲು ಹೋಗುತ್ತಿದ್ದ. ಹೆಸರು ಕೂಗಿದಾಗ ಓಡಿ ಬಂದು ‘ನೆಟ್‌ವರ್ಕ್ ಇಲ್ಲ ಸಾರ್, ಸ್ಟಕ್ ಆಗೈತೆ’ ಅನ್ನುತ್ತಿದ್ದ. ಇಡೀ ಕೋರ್ಸಿನಲ್ಲಿ ನೂರಕ್ಕೆ ನೂರು ಹಾಜರಾತಿ ಅವನೊಬ್ಬನದೇ. ವೈವಾ, ಎಂದರೆ ಮೌಖಿಕ ಪರೀಕ್ಷೆ, ಇದ್ದ ದಿನ ಮಾತ್ರ ಸ್ವತಃ ಬಂದು ಕುಳಿತ. ಪಾಸಾದ.

ಚೆನ್ನಾಗಿತ್ತು ಆ ಡ್ರಾಫ್ಟು. ಆದರೆ ಚಿರಂಜೀವಿಗೆ ಏನೂ ಆಗಲಿಲ್ಲ. ಏನೂ ಆಗದವನ ಮೇಲೆ ಕಥೆ ಕಟ್ಟುವಷ್ಟು ಕಸುಬು ನನಗೆ ತಿಳಿಯದು. ಏನೋ ಆದವಳ ಮನೆಗೆ ಹೋಗೋಣ.

೨

ಶೋಭಾರಾಣಿ. ಮೂವತ್ತೇಳು ವರ್ಷ. ಶಿಡ್ಲಘಟ್ಟ ತಾಲೂಕಿನ ಸಾದಲಿಯಲ್ಲಿ ಪಂಚಾಯಿತಿ ಲೈಬ್ರರಿಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ, ತಾತ್ಕಾಲಿಕವಾಗಿ. ಹನ್ನೊಂದು ವರ್ಷ ತಾತ್ಕಾಲಿಕವಾಗಿರುವುದು ಹೇಗೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಹೋದ ವರ್ಷ ಒಂದು ಕಾಗದ ಬಂತು: ಗ್ರಂಥಾಲಯ ವಿಜ್ಞಾನದ ಡಿಪ್ಲೊಮಾ ಇದ್ದರೆ ಮುಂದುವರಿಯಬಹುದು, ಬರುವ ಮಾರ್ಚ್ ಕೊನೆಯೊಳಗೆ ಸರ್ಟಿಫಿಕೇಟ್ ತೋರಿಸದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಅವಳು ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಆನ್‌ಲೈನ್ ಕೋರ್ಸಿಗೆ ಸೇರಿದಳು. (ಕಾಲೇಜಿನ ಹೆಸರು ಹುಡುಕಬೇಡಿ. ಅದನ್ನು ಈ ಕಥೆಗಾಗಿ ನಾನೇ ಕಟ್ಟಿದ್ದು, ಗೋಡೆಗೆ ಇನ್ನೂ ಸುಣ್ಣ ಹೊಡೆಸಿಲ್ಲ.)

ಗಂಡ ಚಲಪತಿ, ಅತ್ತೆ ಅಶ್ವತ್ಥಮ್ಮ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ, ಮೂರು ತಲೆಮಾರಿನಿಂದ.

ಇವಳ ಬಗ್ಗೆ ಬರೆದ ಮೊದಲ ಡ್ರಾಫ್ಟಿನಲ್ಲಿ ಇವಳನ್ನು ಬಹಳ ಬಡವಳನ್ನಾಗಿ ಮಾಡಿದ್ದೆ. ಸೋರುವ ಮಾಡು, ಒಡೆದ ಫೋನು, ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು, ಎಲ್ಲ ಇತ್ತು. ಓದಿ ನೋಡಿ ಅವಳು ಹುಬ್ಬು ಗಂಟಿಕ್ಕಿದಳು.

‘ಸಾರ್, ನಮ್ಮನೇಲಿ ವಾಷಿಂಗ್ ಮೆಷಿನ್ ಇದೆ.’

‘ಇರಲಮ್ಮ, ಕಥೆಗೆ ಅದು ಬೇಡ.’

‘ನನಗೆ ಬೇಕು, ಬರ್ಕೊಳ್ಳಿ. ಮತ್ತೆ ಆ ಸೆರಗು ತೆಗೀರಿ. ನಾನು ಹಾಕೋದು ಚೂಡಿದಾರ್.’

ತೆಗೆದಿದ್ದೇನೆ. ವಾಷಿಂಗ್ ಮೆಷಿನ್ ಮೇಲಿನ ವಾಕ್ಯದಲ್ಲಿದೆ.

೩

ಕೋರ್ಸಿನ ಮೊದಲ ದಿನ ಎಲ್ಲರ ಫೋನಿಗೂ ಒಂದು ಪಿಡಿಎಫ್ ಬಂತು: ‘ಆನ್‌ಲೈನ್ ವಿದ್ಯಾರ್ಥಿಗಳಿಂದ ನಿರೀಕ್ಷೆ ಮತ್ತು ನಡವಳಿಕೆ’. ಹದಿನೇಳು ನಿಯಮಗಳು. ಬರೆದವರು ಕೋರ್ಸಿನ ಉಸ್ತುವಾರಿ ಮಧುಸೂದನ್ ಮೇಷ್ಟ್ರು. ಮಧುಸೂದನ್ ಒಳ್ಳೆಯ ಮನುಷ್ಯ, ಆದರೆ ಸೋಮಾರಿ. ಯಾವುದೋ ದೇಶದ ಯಾವುದೋ ವಿಶ್ವವಿದ್ಯಾಲಯದ ನಿಯಮಗಳನ್ನು ಒಂದು ಸಂಜೆ ಕುಳಿತು ಕನ್ನಡಕ್ಕೆ ಇಳಿಸಿ, ಕೆಳಗೆ ಸಹಿ ಹಾಕಿ, ಕಾಫಿ ಕುಡಿಯಲು ಹೋದರು. ಆ ದೇಶದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೋಣೆ ಇರುತ್ತದೆ, ಕೋಣೆಗೆ ಬಾಗಿಲು ಇರುತ್ತದೆ, ಬಾಗಿಲು ಹಾಕಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಎಲ್ಲ ನಿಯಮಗಳನ್ನೂ ಇಲ್ಲಿ ಕೊಡುವುದಿಲ್ಲ, ನೀವು ಎದ್ದು ಹೋಗುತ್ತೀರಿ. ಬೇಕಾದವಷ್ಟೇ ಸಾಕು. ಆರನೆಯದು: ಪರೀಕ್ಷೆಗೆ ಮೊದಲು ಕ್ಯಾಮೆರಾ ಹಿಡಿದು ಕೊಠಡಿಯನ್ನು ಒಂದು ಸುತ್ತು ತೋರಿಸಬೇಕು. ಏಳನೆಯದು: ಕೊಠಡಿಯಲ್ಲಿ ವಿದ್ಯಾರ್ಥಿಯಲ್ಲದೆ ಬೇರೆ ಯಾರೂ ಇರಬಾರದು. ಒಂಬತ್ತು: ಸಾಕುಪ್ರಾಣಿಗಳು ಕಾಣಿಸಬಾರದು. ಹನ್ನೊಂದು: ಪರೀಕ್ಷೆಯ ನಡುವೆ ಎದ್ದು ಹೋದರೆ ಪರೀಕ್ಷೆ ರದ್ದು. ಹದಿಮೂರು: ಹಿನ್ನೆಲೆಯಲ್ಲಿ ಸದ್ದು ಇರಬಾರದು. ಹದಿನಾಲ್ಕು: ಎರಡೇ ಅವಕಾಶ, ದಿನ ಬದಲಾಯಿಸುವಂತಿಲ್ಲ. ಹದಿನೇಳು: ಇವೆಲ್ಲವನ್ನೂ ಪಾಲಿಸಿದ್ದೇನೆ ಎಂಬ ಪ್ರಾಮಾಣಿಕತೆಯ ಘೋಷಣೆಯನ್ನು ಗಟ್ಟಿಯಾಗಿ ಓದಬೇಕು.

೩ (ಮತ್ತೆ)

ಮೊದಲ ಅವಕಾಶ ಫೆಬ್ರವರಿಯಲ್ಲಿ ಹೋಯಿತು.

ಶೋಭಾರಾಣಿ ವೈವಾಗೆ ಲೈಬ್ರರಿಯಲ್ಲೇ ಕುಳಿತಿದ್ದಳು. ಬಾಗಿಲು ಮುಂದೆ ಮಾಡಿ ‘ಇವತ್ತು ಹನ್ನೆರಡಕ್ಕೆ ತೆರೆಯುತ್ತದೆ’ ಎಂದು ಚೀಟಿ ಅಂಟಿಸಿದ್ದಳು. ಮಧುಸೂದನ್ ಎರಡನೇ ಪ್ರಶ್ನೆ ಕೇಳಿದರು: ‘ಗ್ರಂಥಪಾಲಕರ ಮೊದಲ ಕರ್ತವ್ಯ ಯಾವುದು?’ ಆಗ ಕೋನಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ದಿನವೂ ಪೇಪರ್ ಓದಲು ಬರುವ ಮುದುಕ, ಕಣ್ಣು ಮಂಜು, ಚೀಟಿ ಕಾಣಿಸಿರಲಿಲ್ಲ.

‘ಅಮ್ಮಾ, ಪೇಪರ್ ಎಲ್ಲಿಟ್ಟಿದೀಯ?’

ಅವಳು ಎದ್ದು ಹೋಗಿ ಪೇಪರ್ ಕೊಟ್ಟು, ಕಿಟಕಿಯ ಹತ್ತಿರ ಕೂರಿಸಿ, ಬಂದಳು. ನಲವತ್ತು ಸೆಕೆಂಡು. ಹನ್ನೊಂದನೇ ನಿಯಮ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು. ಸ್ಕ್ರೀನಿನ ಮೇಲೆ ಕೆಂಪು ಅಕ್ಷರ ಬಂದು ವೈವಾ ತಾನಾಗಿಯೇ ಮುಚ್ಚಿಕೊಂಡಿತು.

(ಗ್ರಂಥಪಾಲಕರ ಕರ್ತವ್ಯದ ಪ್ರಶ್ನೆಗೂ ಕೋನಪ್ಪನಿಗೂ ತಾಳ ತೀರಾ ಚೆನ್ನಾಗಿ ಕೂಡಿತು ಎಂದು ನಿಮಗೆ ಅನ್ನಿಸಿರಬಹುದು. ನನಗೂ ಅನ್ನಿಸಿತು. ಪ್ರಶ್ನೆಯನ್ನು ಬದಲಾಯಿಸಿ ನೋಡಿದೆ, ಶೋಭಾರಾಣಿ ಒಪ್ಪಲಿಲ್ಲ. ಕೇಳಿದ್ದು ಅದೇ ಪ್ರಶ್ನೆ ಅಂದಳು.)

೪

ಉಳಿದದ್ದು ಒಂದೇ ಅವಕಾಶ. ಅದಕ್ಕೆ ಯಾರೂ ತಳ್ಳಿಕೊಂಡು ಬರಲಾಗದ ಒಂದು ಬಾಗಿಲು ಬೇಕಿತ್ತು. ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ, ಬೆಳಗಿನಿಂದ ಸಂಜೆಯ ತನಕ ತಿರುಗುತ್ತದೆ. ಸಾದಲಿಯಲ್ಲಿ ಹೊರಗಿನವರು ಕಾಲಿಡದ ಜಾಗ ಎಂದರೆ ಹುಳದ ಮನೆ ಮಾತ್ರ. ಹಿಪ್ಪುನೇರಳೆ ತೋಟದ ಕೊನೆಯಲ್ಲಿದೆ, ಗಟ್ಟಿ ಬಾಗಿಲಿದೆ, ಟ್ಯೂಬ್‌ಲೈಟ್ ಇದೆ, ಟವರ್ ಎದುರಿಗೇ ಇರುವುದರಿಂದ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ.

ಹುಳದ ಮನೆಗೂ ಒಂದು ನಿಯಮಾವಳಿ ಉಂಟು. ಅದನ್ನು ಯಾರೂ ಪಿಡಿಎಫ್ ಮಾಡಿಲ್ಲ, ಅದು ಅಶ್ವತ್ಥಮ್ಮನ ಬಾಯಲ್ಲಿದೆ. ಕಾಲು ಸುಣ್ಣದ ಪುಡಿಯಲ್ಲಿ ಅದ್ದದೆ ಒಳಗೆ ಬರಬಾರದು. ಮೈಗೆ ಸೆಂಟು, ತಲೆಗೆ ಮಲ್ಲಿಗೆ ಕೂಡದು. ಒಗ್ಗರಣೆ ಹಾಕಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು. ಮುಟ್ಟಾದ ಹೆಂಗಸರು ಮೂರು ದಿನ ಹೊಸ್ತಿಲಾಚೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಗಿನವರ ಕಣ್ಣು ಹುಳದ ಮೇಲೆ ಬೀಳಬಾರದು.

ಶೋಭಾರಾಣಿ ಈ ನಿಯಮಗಳಲ್ಲಿ ಒಂದನ್ನು ಮದುವೆಯಾದ ಲಾಗಾಯ್ತಿನಿಂದ, ಅಂದರೆ ಹದಿನೈದು ವರ್ಷದಿಂದ, ಸದ್ದಿಲ್ಲದೆ ಮುರಿಯುತ್ತಿದ್ದಾಳೆ. ಯಾವುದೆಂದು ಊಹಿಸುವುದು ಕಷ್ಟವಲ್ಲ. ತಿಂಗಳಿಗೆ ಮೂರು ದಿನ ಅವಳು ಹೊಸ್ತಿಲಾಚೆ ನಿಂತರೆ ಸೊಪ್ಪು ಹಾಕುವವರು ಯಾರು? ಹೇಳಲಿಲ್ಲ, ಒಳಗೆ ಬಂದಳು, ಹಾಕಿದಳು. ಹುಳಗಳು ತಿಂದವು.

ವೈವಾಗೆ ಕಾಲೇಜು ಮೂರು ದಿನಾಂಕ ಕೊಟ್ಟಿತ್ತು. ಅವಳು ಹುಳದ ಲೆಕ್ಕ ಹಾಕಿ ಒಂದನ್ನು ಆರಿಸಿದಳು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಇಲ್ಲಿಯವರು ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಎಂಟು ದಿನ ಒಂದೇ ಸಮ ತಿಂದು ಹಣ್ಣಾಗುತ್ತದೆ, ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳವನ್ನು ಕೂಡಲೇ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಆಗ ಮನೆಮಂದಿಯೆಲ್ಲ ಬೇಕು. ತಡ ಮಾಡಿದರೆ ಅವು ಸೊಪ್ಪಿನ ಕಸದಲ್ಲೇ ನೂಲು ಉಗುಳಿ ಕೆಟ್ಟು ಹೋಗುತ್ತವೆ. ವೈವಾ ಬುಧವಾರ, ಏಳನೇ ದಿನ. ಹಣ್ಣಾಗುವುದು ಗುರುವಾರ. ಒಂದು ದಿನದ ಅಂತರ, ಸಾಕು ಅಂದುಕೊಂಡಳು.

ಇಲ್ಲಿ ಅವಳೊಂದು ತಪ್ಪು ಮಾಡಿದಳು. ಹುಳ ಹೊಟ್ಟೆ ತುಂಬಿ ತೆಪ್ಪಗಿದ್ದರೆ ವೈವಾ ಹೊತ್ತಿಗೆ ಸದ್ದು ಕಡಿಮೆ ಇರುತ್ತದೆ, ಹದಿಮೂರನೇ ನಿಯಮಕ್ಕೆ ತೊಂದರೆಯಾಗುವುದಿಲ್ಲ ಎಂದು ಆ ವಾರವೆಲ್ಲ ದಿನಕ್ಕೆ ಒಂದು ಸರದಿ ಸೊಪ್ಪು ಹೆಚ್ಚಾಗಿ ಹಾಕಿದಳು. ಜೊತೆಗೆ ಈ ಸಲ ಶಿವರಾತ್ರಿಗೆ ಮುಂಚೆಯೇ ಸೆಕೆ ಹತ್ತಿಕೊಂಡಿತ್ತು. ಚೆನ್ನಾಗಿ ತಿಂದ ಹುಳಗಳು, ಸೆಕೆಗೆ, ಒಂದು ದಿನ ಮುಂಚೆ ಹಣ್ಣಾದವು.

೫

ಬುಧವಾರ ಬೆಳಿಗ್ಗೆ ಚಲಪತಿ ಬಾಡಿಗೆ ಚಂದ್ರಿಕೆ ತರಲು ಶಿಡ್ಲಘಟ್ಟಕ್ಕೆ ಹೋಗಿದ್ದ, ನಾಳೆಗೆ ಬೇಕಲ್ಲ ಎಂದು. ಹತ್ತೂವರೆಗೆ ಶೋಭಾರಾಣಿ ಪ್ಲಾಸ್ಟಿಕ್ ಕುರ್ಚಿ, ಸ್ಟೂಲು, ಫೋನು ಹಿಡಿದು ಹುಳದ ಮನೆಗೆ ಬಂದಾಗ ಅಶ್ವತ್ಥಮ್ಮ ರ‍್ಯಾಕಿನ ಮುಂದೆ ಮಂಡಿಯೂರಿ ಕುಳಿತಿದ್ದಳು. ಹುಳಗಳು ತಲೆಯೆತ್ತಿ ಆಡಿಸುತ್ತಿದ್ದವು. ಕೆಲವು ಆಗಲೇ ಬೆಳಕಿಗೆ ಹಿಡಿದ ದ್ರಾಕ್ಷಿಯ ಹಾಗೆ ಒಳಗೆಲ್ಲ ಕಾಣುವಂತಾಗಿದ್ದವು.

‘ಹಣ್ಣಾಗ್ಬಿಟ್ಟವೆ ಕಣೇ,’ ಎಂದಳು ಅಶ್ವತ್ಥಮ್ಮ. ‘ಅಟ್ಟದ ಮೇಲೆ ನಮ್ಮವೇ ಇಪ್ಪತ್ತು ಚಂದ್ರಿಕೆ ಇತ್ತು, ಇಳಿಸಿದ್ದೀನಿ. ಕೈ ಹಾಕು ಬಾ.’

‘ಅತ್ತೆ, ಹನ್ನೊಂದಕ್ಕೆ ನನ್ನ ವೈವಾ.’

‘ಹುಳಕ್ಕೆ ಗೊತ್ತಾ ಅದು?’

‘ನೀವು ಸ್ವಲ್ಪ ಹೊರಗಿರ್ಬೇಕು. ಇಪ್ಪತ್ತೇ ನಿಮಿಷ. ಒಳಗೆ ನಾನೊಬ್ಳೇ ಇರ್ಬೇಕಂತೆ.’

ಅಶ್ವತ್ಥಮ್ಮ ತಿರುಗಿಯೂ ನೋಡಲಿಲ್ಲ. ಬೆರಳುಗಳು ಹಣ್ಣಾದುದನ್ನು ಹುಡುಕಿ ಎತ್ತಿ ತಟ್ಟೆಗೆ ಹಾಕುತ್ತಲೇ ಇದ್ದವು. ‘ಇಪ್ಪತ್ತು ನಿಮಿಷ ಬಿಟ್ರೆ ಈ ಸಾಲು ಹೋಯ್ತು. ನೇನು ಪೋನಮ್ಮಾ,’ ಎಂದಳು. ಹೋಗುವುದಿಲ್ಲ ಎಂಬುದನ್ನು ಖಂಡಿತ ಮಾಡಬೇಕಾದಾಗ ಅವಳಿಗೆ ತೆಲುಗು ಬರುತ್ತದೆ.

ಶೋಭಾರಾಣಿ ಇನ್ನೊಂದನ್ನೂ ಹೇಳಬೇಕಿತ್ತು, ಹೇಳಿದಳು. ಮೊದಲಿಗೆ ಕೊಠಡಿಯನ್ನೆಲ್ಲ ಕ್ಯಾಮೆರಾದಲ್ಲಿ ತೋರಿಸಬೇಕು. ರ‍್ಯಾಕುಗಳನ್ನೂ.

ಈಗ ಬೆರಳುಗಳು ನಿಂತವು. ‘ಹುಳಾನ? ಈ ಹೊತ್ತಲ್ಲಿ? ಹೊರಗಿನೋರಿಗಾ?’

‘ಮೇಷ್ಟ್ರೊಬ್ರೇ ನೋಡೋದು. ಅವ್ರೂ ಫೋನಲ್ಲಿ.’

‘ಕಣ್ಣು ಕಣ್ಣೇ ಕಣಮ್ಮ. ಫೋನಲ್ಲಿ ಬಂದ್ರೆ ಸುಣ್ಣದಲ್ಲಿ ಕಾಲು ಅದ್ದಿಸೋಕೂ ಆಗಲ್ಲ.’

ಹತ್ತು ಮುಕ್ಕಾಲಾಗಿತ್ತು. ಶೋಭಾರಾಣಿಗೆ ಸಿಟ್ಟು ಬಂತು. ಹನ್ನೊಂದು ವರ್ಷದ ಲೈಬ್ರರಿ ಹನ್ನೊಂದು ಗಂಟೆಯ ಮೇಲೆ ನಿಂತಿದೆ, ಇವರು ದೃಷ್ಟಿಯ ಮಾತಾಡುತ್ತಾರೆ. ಹೇಳಬಾರದು ಎಂದುಕೊಂಡೇ ಹೇಳಿಬಿಟ್ಟಳು.

‘ದೃಷ್ಟಿ ಮೈಲಿಗೆ ಎಲ್ಲಾ ಸುಳ್ಳು ಅತ್ತೆ. ಹದಿನೈದು ವರ್ಷದಿಂದ ಆ ಮೂರು ದಿನಾನೂ ನಾನು ಒಳಗೆ ಬರ್ತಿದ್ದೀನಿ. ಸೊಪ್ಪು ಹಾಕ್ತಿದ್ದೀನಿ. ಒಂದು ಹುಳಾನೂ ಸತ್ತಿಲ್ಲ.’

ಅಶ್ವತ್ಥಮ್ಮ ಈಗ ತಿರುಗಿ ಸೊಸೆಯ ಮುಖ ನೋಡಿದಳು. (ಇಲ್ಲಿ ಒಂದು ಗುಡುಗು ಹಾಕಿದ್ದೆ. ಮಾರ್ಚ್ ತಿಂಗಳು, ಗುಡುಗು ಎಲ್ಲಿಂದ ಬರಬೇಕು. ತೆಗೆದೆ.) ಆಮೇಲೆ ಒಂದು ಹುಳ ಎತ್ತಿ ತಟ್ಟೆಗೆ ಹಾಕಿದಳು.

‘ಗೊತ್ತು,’ ಎಂದಳು.

‘ಗೊತ್ತಾ?’

‘ನಾನು ಮೂವತ್ತು ವರ್ಷ ಬಂದಿಲ್ವ? ನಮ್ಮತ್ತೆ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಿನ್ನನ್ನ ನಾನು ಕೇಳಿದ್ನಾ? ಮುಚ್ಚಿಕೊಂಡಿದ್ರೆ ಎಲ್ಲರಿಗೂ ನಡೀತಿತ್ತು. ಈಗ ಬಾಯಿಬಿಟ್ಟು ಹೇಳ್ದೆ. ನಾಳೆಯಿಂದ ನಾನು ನಿನ್ನ ಹೊರಗೆ ಕೂರಿಸ್ಬೇಕು, ಇಲ್ಲಾಂದ್ರೆ ನಿಯಮ ಸುಳ್ಳು ಅಂತ ಒಪ್ಕೋಬೇಕು. ಯಾವ್ದು ಮಾಡ್ಲಿ ಹೇಳು?’

ಶೋಭಾರಾಣಿಗೆ ನಾಚಿಕೆಯಾಯಿತು. ಗೆದ್ದೆ ಅಂದುಕೊಂಡ ಜಗಳದಲ್ಲಿ ಅತ್ತೆಯ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗಾಗಿತ್ತು. ಐದು ನಿಮಿಷ ಇಬ್ಬರೂ ಹುಳ ಆರಿಸಿದರು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅಶ್ವತ್ಥಮ್ಮ ತಟ್ಟೆ ಎತ್ತಿಕೊಂಡು ಕೊನೆಯ ಎರಡು ರ‍್ಯಾಕುಗಳ ನಡುವೆ ಹೋಗಿ ಕುಳಿತಳು.

‘ತೋರಿಸ್ಕೋ ಹೋಗು. ಬೇಗ ತಿರುಗಿಸು, ಒಂದು ಕಡೆ ನಿಲ್ಲಿಸ್ಬೇಡ. ನಾನು ಇಲ್ಲಿರೋದು ನನಗೆ ಮಾತ್ರ ಗೊತ್ತು.’

೭

ಆರನ್ನು ತೆಗೆದಿದ್ದೇನೆ. ಅದರಲ್ಲಿ ಮಧುಸೂದನ್ ಚಿಕ್ಕಬಳ್ಳಾಪುರದ ತಮ್ಮ ಮನೆಯಲ್ಲಿ ಇಸ್ತ್ರಿ ಮಾಡಿದ ಶರ್ಟಿನ ಕೆಳಗೆ ಲುಂಗಿ ಉಟ್ಟು ಪರೀಕ್ಷಕರಾಗಿ ಕುಳಿತ ವರ್ಣನೆ ಇತ್ತು. ತಮಾಷೆಯಾಗಿತ್ತು. ಶೋಭಾರಾಣಿ ಓದಿ, ‘ಸಾರ್, ಲುಂಗಿ ವಿಷಯ ನಿಮಗೆ ಹೇಗೆ ಗೊತ್ತು? ಕ್ಯಾಮೆರಾದಲ್ಲಿ ಕಾಣ್ತಿರ್ಲಿಲ್ಲ,’ ಎಂದಳು. ನಾನು ಆ ಭಾಗ ಅಳಿಸತೊಡಗಿದೆ. ‘ಮಧುಸೂದನ್ ಅಂತ ಹೆಸರು ಹಾಕ್ಕೊಂಡ್ರೆ ಗೊತ್ತಾಗಲ್ವಾ?’ ಎಂದಳು.

ಸರಿ. ಆ ಹದಿನೇಳು ನಿಯಮ ಬರೆದವನು ನಾನೇ. ಕಾಫಿ ಕುಡಿಯಲು ಹೋದವನೂ ನಾನೇ. ಇನ್ನು ಮುಂದೆಯೂ ಮಧುಸೂದನ್ ಎಂದೇ ಬರೆಯುತ್ತೇನೆ, ಅಷ್ಟು ದೂರ ನನಗೆ ಬೇಕಾಗಿದೆ.

ಹನ್ನೊಂದು ಗಂಟೆಗೆ ಸ್ಕ್ರೀನು ಹತ್ತಿಕೊಂಡಿತು. ರೆಕಾರ್ಡಿಂಗ್ ಶುರುವಾಯಿತು.

‘ಕೊಠಡಿಯನ್ನು ಒಂದು ಸುತ್ತು ತೋರಿಸಿ,’ ಎಂದರು ಮಧುಸೂದನ್.

ಶೋಭಾರಾಣಿ ಫೋನು ತಿರುಗಿಸಿದಳು. ಗೋಡೆ, ಬಾಗಿಲು, ಸುಣ್ಣದ ತಟ್ಟೆ, ರ‍್ಯಾಕು, ರ‍್ಯಾಕು, ಸೊಪ್ಪಿನ ಮೇಲೆ ಸಾವಿರಾರು ಬಿಳಿಯ ತಲೆಗಳು. ಕೊನೆಯ ರ‍್ಯಾಕಿನ ಸಂದಿಯಲ್ಲಿ ಒಂದು ಕೈ. ಹಸಿರು ಗಾಜಿನ ಬಳೆ, ಎರಡು ಬೆರಳಿನ ನಡುವೆ ಒಂದು ಹುಳ. ಫೋನು ಮುಂದಕ್ಕೆ ಹೋಯಿತು. ಮಧುಸೂದನ್ ನೋಡಿದರು. ನೋಡಲಿಲ್ಲ ಎಂದುಕೊಂಡರು.

‘ಅಲ್ಲಿ ಮಳೆ ಬರ್ತಿದೆಯಾ?’

‘ಇಲ್ಲ ಸಾರ್. ಇನ್ನೂ ಹಣ್ಣಾಗದೆ ಇರೋ ಹುಳ ಸೊಪ್ಪು ತಿನ್ನೋ ಸದ್ದು ಅದು. ಒಂಬತ್ತನೇ ನಿಯಮದಲ್ಲಿ ಸಾಕುಪ್ರಾಣಿ ಅಂತ ಇತ್ತು. ಹುಳ ಅದರಲ್ಲಿ ಬರುತ್ತಾ?’

ಮಧುಸೂದನ್‌ಗೆ ಆ ನಿಯಮ ಬರೆದಾಗ ಕಣ್ಣ ಮುಂದೆ ಇದ್ದದ್ದು ಸೋಫಾದ ಮೇಲೆ ಮಲಗಿದ ಒಂದು ಬೆಕ್ಕು. ‘ಇಲ್ಲ, ಪರವಾಗಿಲ್ಲ,’ ಎಂದರು.

ಪ್ರಶ್ನೆಗಳು ನಾಲ್ಕು. ಮೂರಕ್ಕೆ ಅವಳು ಪುಸ್ತಕದಲ್ಲಿದ್ದ ಹಾಗೇ ಉತ್ತರ ಹೇಳಿದಳು. ನಾಲ್ಕನೆಯದು: ಚಿಕ್ಕ ಲೈಬ್ರರಿಯಲ್ಲಿ ಪುಸ್ತಕಗಳನ್ನು ಹೇಗೆ ಜೋಡಿಸಬೇಕು?

‘ನಂಬರ್ ಪ್ರಕಾರ ಜೋಡಿಸ್ಬೇಕು ಸಾರ್. ಮೊದಲು ಹಾಗೇ ಮಾಡಿದ್ದೆ. ಹೆಂಗಸ್ರು ಯಾರೂ ಒಳಗೆ ಬರ್ಲಿಲ್ಲ. ಆಮೇಲೆ ಅಡುಗೆ, ಹೊಲಿಗೆ ಪುಸ್ತಕ ಎಲ್ಲಾ ಬಾಗಿಲ ಹತ್ರ ಇಟ್ಟೆ. ಕಾದಂಬರಿ ಅದರ ಬೆನ್ನಿಗೇ ಇಟ್ಟೆ. ಈಗ ಬರ್ತಾರೆ. ಕೈಯಲ್ಲಿ ಉಪ್ಪಿನಕಾಯಿ ಪುಸ್ತಕ ಕಾಣೋ ಹಂಗೆ ಹಿಡ್ಕೊಂಡು ಒಳಗೆ ಕಾದಂಬರಿ ಇಟ್ಕೊಂಡು ಹೋಗ್ತಾರೆ. ನಾನು ರಿಜಿಸ್ಟರ್‌ನಲ್ಲಿ ಎರಡೂ ಬರ್ಕೊಳ್ತೀನಿ, ಬಾಯಲ್ಲಿ ಏನೂ ಹೇಳಲ್ಲ.’

ಮಧುಸೂದನ್ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಈ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರ ಕೇಳಿರಲಿಲ್ಲ. ಅವರಿಗೆ ಸಂತೋಷವಾಯಿತು, ಇಷ್ಟು ದಿನ ಏನು ಪಾಠ ಮಾಡಿದೆ ಎಂದು ಸ್ವಲ್ಪ ಬೇಸರವೂ ಆಯಿತು. ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಅಂಕ ಹಾಕಿದರು.

‘ಕೊನೆಗೆ ಘೋಷಣೆ ಓದಿಬಿಡಿ,’ ಎಂದರು.

ಹದಿನೇಳನೇ ನಿಯಮ. ಸ್ಕ್ರೀನಿನ ಮೇಲೆ ಅಕ್ಷರಗಳು ಬಂದವು. ಶೋಭಾರಾಣಿ ಓದತೊಡಗಿದಳು: ‘ಈ ಪರೀಕ್ಷೆಯ ಅವಧಿಯಲ್ಲಿ ಕೊಠಡಿಯಲ್ಲಿ ನಾನು...’

ನಿಲ್ಲಿಸಿದಳು.

‘ಓದಿ, ಓದಿ,’ ಎಂದರು ಮಧುಸೂದನ್. ಬೇಗ ಮುಗಿಸಲಿ, ಬಳೆಯ ಕೈ ಇನ್ನೊಮ್ಮೆ ಈಚೆ ಬಾರದಿರಲಿ ಎಂದು ಅವರಿಗಿತ್ತು.

ಶೋಭಾರಾಣಿಗೆ ಬೆನ್ನ ಹಿಂದೆ ಅತ್ತೆ ಉಸಿರು ಬಿಗಿಹಿಡಿದಿರುವುದು ಗೊತ್ತಾಗುತ್ತಿತ್ತು. ಎಪ್ಪತ್ತು ವರ್ಷದ ಹೆಂಗಸು, ತನ್ನದೇ ಹುಳದ ಮನೆಯಲ್ಲಿ, ಕಳ್ಳರ ಹಾಗೆ ಕೂತಿದ್ದಾರೆ. ಅವರು ಇಲ್ಲ ಎಂದು ಅವರ ಎದುರಿಗೇ ಗಟ್ಟಿಯಾಗಿ ಓದಬೇಕು. ಅವಳು ಅಕ್ಷರಗಳಿಂದ ಕಣ್ಣೆತ್ತಿದಳು.

‘ಸಾರ್, ನಮ್ಮತ್ತೆ ಇದ್ದಾರೆ. ಹುಳ ಹಣ್ಣಾಗಿವೆ, ಬಿಟ್ಟು ಹೋಗೋ ಹಂಗಿಲ್ಲ. ನನಗೆ ಏನೂ ಹೇಳಿಕೊಟ್ಟಿಲ್ಲ ಅವ್ರು. ಅವ್ರಿಗೆ ಓದೋಕೇ ಬರಲ್ಲ.’

ರ‍್ಯಾಕಿನ ಹಿಂದಿನಿಂದ ಅಶ್ವತ್ಥಮ್ಮನ ದನಿ ಕೇಳಿತು. ‘ಇದನ್ನೂ ಹೇಳ್ಬಿಟ್ಯಾ,’ ಎಂದಳು. ಅಷ್ಟೂ ರೆಕಾರ್ಡ್ ಆಯಿತು.

೮

ವೈವಾ ಮುಗಿದ ಮೇಲೆ ಪರೀಕ್ಷಕ ಒಂದು ಫಾರಂ ತುಂಬಬೇಕು. ಅಂಕದ ಜಾಗ ಭರ್ತಿಯಾಗಿದೆ. ಕೆಳಗೆ ‘ನಿಯಮ ಉಲ್ಲಂಘನೆ: ಹೌದು / ಇಲ್ಲ’. ಹೌದು ಎಂದರೆ ಪರೀಕ್ಷೆ ರದ್ದು, ಮತ್ತೆ ಅವಕಾಶವಿಲ್ಲ. ಇಲ್ಲ ಎಂದರೆ ರೆಕಾರ್ಡಿಂಗ್ ಇದೆ, ಯಾರಾದರೂ ತೆಗೆದು ನೋಡಿದರೆ ಮಧುಸೂದನ್ ಸುಳ್ಳುಗಾರ, ಕೆಲಸಕ್ಕೇ ಕುತ್ತು. ಅವಳು ಸುಮ್ಮನೆ ಓದಿಬಿಟ್ಟಿದ್ದರೆ ಅವರು ಸುಮ್ಮನೆ ‘ಇಲ್ಲ’ ಒತ್ತುತ್ತಿದ್ದರು. ಅವಳ ಮೇಲೆ ಅವರಿಗೆ ಕೋಪ ಬಂತು. ನಿಜ ಹೇಳಿದ್ದಕ್ಕೆ ಕೋಪ ಬಂತಲ್ಲ ಎಂದು ತಮ್ಮ ಮೇಲೂ ಬಂತು.

ಫಾರಂ ಹಾಗೇ ಬಿಟ್ಟು ಕಥೆ ಬರೆಯಲು ಕುಳಿತರು. ಈಗ ನೀವು ಓದುತ್ತಿರುವುದು ಅದನ್ನೇ.

ಕೊನೆಗಳನ್ನು ಬರೆದು ನೋಡಿದ್ದೇನೆ.

ಕೊನೆ ಒಂದು. ಕ್ಯಾಮೆರಾದಲ್ಲಿ ತೋರಿಸಿದ ಹುಳವೆಲ್ಲ ಎರಡು ದಿನದಲ್ಲಿ ಸಾಯುತ್ತವೆ. ದೃಷ್ಟಿ ನಿಜವೇ ಸುಳ್ಳೇ ಎಂದು ಓದುಗರು ಚರ್ಚೆ ಮಾಡುತ್ತಾರೆ. ಇದನ್ನು ಓದಿಸಿ ಕೇಳಿ ಅಶ್ವತ್ಥಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡಳು. ‘ನಿನ್ನ ಕಥೆ ಚೆನ್ನಾಗಾಗ್ಲಿ ಅಂತ ನಾನ್ಯಾಕಪ್ಪ ಬೆಳೆ ಕಳ್ಕೊಳ್ಳಿ? ಸಾಯಿಸೋದಿದ್ರೆ ನಿಂದೇನಾದ್ರೂ ಸಾಯಿಸ್ಕೋ,’ ಎಂದಳು. ನಿಜದಲ್ಲಿ ಆ ಸಲದ ಬೆಳೆ ಎಂದಿನ ಹಾಗೇ ಬಂತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದು ಯಾರ ಪರವಾಗಿಯೂ ಸಾಕ್ಷಿ ಹೇಳಲಿಲ್ಲ.

ಕೊನೆ ಎರಡು. ಮಧುಸೂದನ್ ‘ಇಲ್ಲ’ ಒತ್ತುತ್ತಾರೆ, ಶೋಭಾರಾಣಿ ಪಾಸು, ಮೇಷ್ಟ್ರ ಮನಸ್ಸು ಹಗುರ. ಬರೆದು ಮುಗಿಸಿ, ನಿಜವಾದ ಫಾರಂನಲ್ಲೂ ಒತ್ತೋಣ ಎಂದು ಕೈ ಮುಂದೆ ಮಾಡಿದೆ. ಕಥೆಯಲ್ಲಿ ಒತ್ತಿದಷ್ಟು ಸುಲಭವಾಗಿ ಒತ್ತಲಾಗಲಿಲ್ಲ.

ಕೊನೆ ಮೂರು. ಮಧುಸೂದನ್ ಹದಿನೇಳು ನಿಯಮಗಳನ್ನೂ ತಿದ್ದಿ ಹೊಸದಾಗಿ ಬರೆಯುತ್ತಾರೆ: ಕೊಠಡಿ ಇಲ್ಲದವರು ಇರುವಲ್ಲೇ ಕೂರಬಹುದು, ಮನೆಯವರು ಹಾದುಹೋಗಬಹುದು, ಯಾರಾದರೂ ಪೇಪರ್ ಕೇಳಿದರೆ ಎದ್ದು ಕೊಡಬಹುದು. ಇದನ್ನು ಮಾತ್ರ ನಿಜವಾಗಿಯೂ ಮಾಡಿದೆ. ಪ್ರಿನ್ಸಿಪಾಲರಿಗೆ ಕಳಿಸಿದೆ. ಮೆಚ್ಚಿದರು. ಮುಂದಿನ ವರ್ಷದಿಂದ ಜಾರಿ ಎಂದರು.

೯

ಓದುಗರೇ, ಕಥೆಗೊಂದು ಕೊನೆ ಇರಲೇಬೇಕು ಎಂಬುದು ಹಳೆಯ ಕಾಲದ ನಂಬಿಕೆ. ಬದುಕು ಹಾಗೆ ಗಂಟು ಹಾಕಿಕೊಂಡು ಮುಗಿಯುವುದಿಲ್ಲ. ಆದ್ದರಿಂದ ಈ ಕಥೆಯನ್ನು ನಾನು ಬೇಕೆಂದೇ ತೆರೆದಿಟ್ಟು

‘ಸಾರ್, ಒಂದು ನಿಮಿಷ.’

ಇವತ್ತು ಮಂಗಳವಾರ, ಮಾರ್ಚ್ ತಿಂಗಳ ಕೊನೆಯ ದಿನ, ಬೆಳಿಗ್ಗೆ. ಶೋಭಾರಾಣಿ ಫೋನ್ ಮಾಡಿದ್ದಾಳೆ. ಇದು ಕಥೆಯೊಳಗಿನ ಫೋನೋ ಹೊರಗಿನದೋ ಎಂದು ಕೇಳಬೇಡಿ, ಎತ್ತಿದವನು ನಾನು.

‘ನೀವು ಬರೆದದ್ದು ಪೂರ್ತಿ ಓದಿದೆ. ಚೆನ್ನಾಗಿದೆ. ಅತ್ತೆಗೂ ಓದಿ ಹೇಳ್ದೆ, ಲುಂಗಿಗೆ ನಕ್ಕರು. ಆದ್ರೆ ಕೊನೆ ಹಾಕಿಲ್ವಲ್ಲ?’

‘ಅದು ಈಗಿನ ರೀತಿ ಅಮ್ಮ. ತೆರೆದಿಡೋದು. ಓದೋರೇ ಯೋಚಿಸ್ಲಿ ಅಂತ.’

‘ಪೋರ್ಟಲ್ ತೆಗೆದು ನೋಡಿದೀರಾ ಸಾರ್, ನನ್ನದು? ಮೂರು ವಾರದಿಂದ ಅಲ್ಲೂ ಅದೇ ರೀತಿ ಇದೆ. “ಫಲಿತಾಂಶ ತಡೆಹಿಡಿಯಲಾಗಿದೆ” ಅಂತ. ನೀವು ಮುಗಿಸ್ದೆ ಬಿಟ್ರೆ ಕಥೆ ಅಂತಾರೆ. ನನಗೆ ಅದು ಫೇಲ್ ಆದಂಗೇ ಸಾರ್, ಅದನ್ನೂ ಬಾಯಿಬಿಟ್ಟು ಹೇಳ್ದೇ ಇರೋ ಥರ.’

ನಾನು ಏನೋ ಹೇಳಿದೆ. ಎರಡೂ ಕಡೆ ಯೋಚಿಸುತ್ತಿದ್ದೇನೆ ಎಂದೆ. ರೆಕಾರ್ಡಿಂಗ್ ಎಂದೆ. ಅವಳು ಹೂಂ, ಹೂಂ ಎನ್ನುತ್ತ ಪೂರ್ತಿ ಕೇಳಿಸಿಕೊಂಡಳು. ಅತ್ತ ಕಡೆ ಯಾರೋ ಪುಸ್ತಕ ವಾಪಸ್ ತಂದಿದ್ದರೆಂದು ತೋರುತ್ತದೆ, ‘ಅಲ್ಲೇ ಇಟ್ಟೋಗಿ, ನಾನು ಬರ್ಕೊಳ್ತೀನಿ,’ ಎಂದಳು.

‘ಹೌದು ಅಂತಾದ್ರೂ ಒತ್ತಿಬಿಡಿ ಸಾರ್,’ ಎಂದಳು ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ. ‘ನಾನು ಹೇಳಿದ್ದು ನಿಜ, ಅದರ ಮುಂದೆ ಏನು ಬರುತ್ತೋ ಬರ್ಲಿ ಅಂತಾನೇ ಹೇಳಿದ್ದು. ಅತ್ತೆ ಕೂಡ ಒಂದು ವಾರ ಯೋಚ್ನೆ ಮಾಡಿದ್ರು. ಆಮೇಲೆ ಒಂದಿನ, ಒಳಗೆ ಬಾ, ಸೊಪ್ಪು ಹಾಕು ಅಂದ್ರು, ಆ ಮೂರು ದಿನದಲ್ಲೇ. ಅವ್ರಿಗೆ ಎಪ್ಪತ್ತು ವರ್ಷ.’

‘ಫಾರಂ ಕಳಿಸೋಕೆ ಶುಕ್ರವಾರದ ತನಕ ಟೈಮ್ ಇದೆಯಲ್ಲಮ್ಮ,’ ಎಂದೆ.

‘ನಿಮಗಿದೆ. ನನಗೆ ಪಂಚಾಯ್ತಿಯಿಂದ ಇವತ್ತು ಸಂಜೆ ಬರ್ತಾರೆ. ಸರ್ಟಿಫಿಕೇಟ್ ಇದ್ರೆ ತೋರ್ಸು, ಇಲ್ಲಾಂದ್ರೆ ಕೀ ಕೊಡು ಅಂದಿದ್ದಾರೆ.’

ಫಾರಂ ನನ್ನ ಎದುರಿಗೇ ತೆರೆದಿದೆ. ಪಕ್ಕದ ಕಿಟಕಿಯಲ್ಲಿ ಈ ಕಥೆ. ಎರಡರಲ್ಲೂ ಕರ್ಸರ್ ಮಿಣುಕುತ್ತಿದೆ, ನಾನು ಈ ಕಿಟಕಿಯಲ್ಲಿ ಟೈಪ್ ಮಾಡುತ್ತಿದ್ದೇನೆ. ನಾನು ಕೊನೆ ಬರೆಯುವುದಿಲ್ಲ ಎಂದು ಅವಳಿಗೆ ಹೇಳಿದೆ, ಅದು ತತ್ವದ ಪ್ರಶ್ನೆ ಎಂದೂ ಹೇಳಿದೆ. ಹೆದರಿಕೆ ಎಂಬ ಮಾತನ್ನು ಎರಡು ಸಲ ಟೈಪ್ ಮಾಡಿ ಅಳಿಸಿದ್ದೇನೆ, ಈ ಸಲ ಇರಲಿ.

‘ಆಯ್ತು ಸಾರ್, ಕೊನೆ ಬೇಡ,’ ಎಂದಳು ಶೋಭಾರಾಣಿ. ‘ಐದು ಗಂಟೆಗೆ ಅವ್ರು ಬಂದು ಕೀಗೆ ಕೈ ಚಾಚಿದಾಗ ನಾನೇನು ಮಾಡ್ಲಿ, ಅದೊಂದು ಸಾಲು ಬರೀರಿ. ನಾನು ಕಾಯ್ತಿರ್ತೀನಿ.’